ಮೂರನೇ ಸಂಖ್ಯೆ ಎಲ್ಲಿಂದ ಬಂತು?

‘ಮೂರು ಕಿಲೋಮೀಟರ್ ಆಳದಲ್ಲಿ ಕಲ್ಲಿನ ಮೇಲೆ ಎಷ್ಟು ಒತ್ತಡ ಇರುತ್ತೆ, ಹೇಳಿ ನೋಡೋಣ.’

ತೈಲಬಾವಿ ಕೊರೆಯುವ ಕಂಪನಿಯೊಂದರ ಇಂಟರ್‌ವ್ಯೂ. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಎಂಟು ತಿಂಗಳು ಮನೆಯಲ್ಲೇ ಕೂತಿದ್ದ ನಾನು, ಪ್ರಾಜೆಕ್ಟ್‌ನಲ್ಲಿದ್ದ ಮೂರು ಸಂಖ್ಯೆಗಳನ್ನು ಪಟಪಟನೆ ಒಪ್ಪಿಸಿದೆ. ಕೊನೆಯದಕ್ಕೆ ದಶಮಾಂಶ ಬೇರೆ! ಎದುರಿಗಿದ್ದ ಹಿರಿಯರು ಕನ್ನಡಕ ತೆಗೆದಿಟ್ಟು, ‘ಮೊದಲೆರಡು ಸರಿ. ಮೂರನೆಯದು ನಿಮಗೆ ಎಲ್ಲಿಂದ ಸಿಕ್ಕಿತು?’ ಎಂದರು.

ಊರಿಗೆ ಬೋರ್‌ವೆಲ್ ಲಾರಿ ಬಂದಾಗ ನೀವೂ ನೋಡಿರುತ್ತೀರಿ. ಮೇಲಿನ ಸಡಿಲ ಮಣ್ಣು ಕುಸಿಯದಂತೆ ಕೇಸಿಂಗ್ ಪೈಪ್ ಇಳಿಸುತ್ತಾರೆ. ಗಟ್ಟಿ ಬಂಡೆ ಸಿಕ್ಕ ಮೇಲೆ ತೂತು ತಾನಾಗೇ ನಿಲ್ಲುತ್ತದೆ. ಕಿಲೋಮೀಟರ್‌ಗಟ್ಟಲೆ ಇಳಿಯುವ ತೈಲಬಾವಿಗೆ ಆ ಭಾಗ್ಯವಿಲ್ಲ. ಅಲ್ಲಿ ಕಲ್ಲನ್ನು ಮೇಲಿನಿಂದಲೂ ಎರಡು ಅಡ್ಡ ದಿಕ್ಕುಗಳಿಂದಲೂ ಭೂಮಿ ಅದುಮಿ ಹಿಡಿದಿರುತ್ತದೆ. ಕೊರೆದು ತೆಗೆದ ಕಲ್ಲು ಹೊತ್ತಿದ್ದ ಭಾರವೆಲ್ಲ ಬಾವಿಯ ಗೋಡೆಗೆ ಬೀಳುತ್ತದೆ. ಗೋಡೆಗೆ ಆಸರೆಯಾಗಿ ‘ಮಡ್’ ಎಂಬ ಕೆಸರಿನಂಥ ದ್ರವ ತುಂಬಿರುತ್ತಾರೆ. ಅದು ಹಗುರವಾದರೆ ಗೋಡೆ ಉದುರಿ ಡ್ರಿಲ್ ಪೈಪ್ ಸಿಕ್ಕಿಹಾಕಿಕೊಳ್ಳಬಹುದು. ಅತಿ ಭಾರವಾದರೆ ಕಲ್ಲೇ ಸೀಳಿ ಮಡ್ ಬಿರುಕಿನೊಳಗೆ ಸೇರಿಹೋಗುತ್ತದೆ. ಎಷ್ಟು ಭಾರವಿರಬೇಕು ಎಂಬುದಕ್ಕೇ ಆ ಮೂರು ಸಂಖ್ಯೆಗಳು ಬೇಕು.

ಮೇಲಿನಿಂದ ಬೀಳುವ ಒತ್ತಡ ಸುಲಭ. ಬಾವಿಗೆ ಇಳಿಸಿದ ಉಪಕರಣ ಕಲ್ಲಿನ ಸಾಂದ್ರತೆ ಅಳೆಯುತ್ತದೆ, ತೂಕ ಕೂಡಿಸುತ್ತಾ ಹೋದರಾಯಿತು. ಸಾಂದ್ರತೆ ನೀರಿನ 2.3 ಪಟ್ಟು ಇದ್ದರೆ 3 ಕಿ.ಮೀ. ಆಳದಲ್ಲಿ ಸುಮಾರು 68 ಮೆಗಾಪ್ಯಾಸ್ಕಲ್. ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 670 ಪಟ್ಟು!

ಅಡ್ಡ ಒತ್ತಡಗಳಲ್ಲಿ ಚಿಕ್ಕದನ್ನು ಕಲ್ಲಿನ ಬಾಯಿಂದಲೇ ಹೇಳಿಸಬಹುದು. ಕೇಸಿಂಗ್‌ಗೆ ಸಿಮೆಂಟ್ ಹಾಕಿ, ಅದರ ಕೆಳಗೆ ಕೆಲವು ಮೀಟರ್ ಕೊರೆದು, ಬಾವಿ ಮುಚ್ಚಿ ನಿಧಾನವಾಗಿ ದ್ರವ ಪಂಪ್ ಮಾಡುತ್ತಾರೆ. ನೇರವಾಗಿ ಏರುತ್ತಿದ್ದ ಒತ್ತಡದ ಗ್ರಾಫ್ ಒಂದು ಕಡೆ ಬಾಗುತ್ತದೆ. ಕಲ್ಲು ಸೀಳತೊಡಗಿದ ಸುಳಿವು ಅದು. ಇನ್ನಷ್ಟು ಪಂಪ್ ಮಾಡಿ ನಿಲ್ಲಿಸಿದರೆ ಬಿರುಕು ಮತ್ತೆ ಮುಚ್ಚಿಕೊಳ್ಳುತ್ತದೆ. ಮೂರು ಒತ್ತಡಗಳಲ್ಲಿ ಅಡ್ಡದ್ದೇ ಕನಿಷ್ಠವಾಗಿದ್ದರೆ, ಮುಚ್ಚುವ ಹೊತ್ತಿನ ಒತ್ತಡವೇ ಹೆಚ್ಚುಕಡಿಮೆ ನಮಗೆ ಬೇಕಾದ ಸಂಖ್ಯೆ.

ದೊಡ್ಡ ಅಡ್ಡ ಒತ್ತಡದ್ದೇ ತಕರಾರು. ದಿಕ್ಕೇನೋ ಸಿಗುತ್ತದೆ. ಕೆನಡಾದ ಆಲ್ಬರ್ಟಾದ ತೈಲಬಾವಿಗಳು ಆಳದಲ್ಲಿ ದುಂಡಗಿರದೆ, ವಾಯವ್ಯ–ಆಗ್ನೇಯಕ್ಕೆ ಮೊಟ್ಟೆಯಂತೆ ಉದ್ದವಾಗಿದ್ದವು. ಒಂದೆರಡಲ್ಲ, ಬಾವಿಯ ನಂತರ ಬಾವಿ. ಕಾರಣವನ್ನು 1979ರಲ್ಲಿ ಬೆಲ್ ಮತ್ತು ಗಾಫ್ ಎಂಬ ವಿಜ್ಞಾನಿಗಳು ವಿವರಿಸಿದರು: ದೊಡ್ಡ ಒತ್ತಡ ರಾಕಿ ಪರ್ವತಸಾಲಿಗೆ ಅಡ್ಡಲಾಗಿ, ಈಶಾನ್ಯ–ನೈಋತ್ಯ ದಿಕ್ಕಿನಲ್ಲಿ ಅದುಮುತ್ತಿದೆ, ಗೋಡೆ ಉದುರುವುದು ಅದಕ್ಕೆ ಲಂಬವಾದ ಬದಿಗಳಲ್ಲಿ. ಆದರೆ ಆ ಒತ್ತಡ ಎಷ್ಟು? ಗೋಡೆ ಎಷ್ಟು ಅಗಲಕ್ಕೆ ಉದುರಿದೆ, ಕಲ್ಲಿನ ಬಲವೆಷ್ಟು ಎಂಬುದರಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಆ ಬಲವೂ ಲ್ಯಾಬ್‌ನಲ್ಲಿ ಒಡೆದು ನೋಡಿದ ಕೆಲವೇ ತುಂಡುಗಳದ್ದು.

ನಾನು ಅಷ್ಟೂ ಮಾಡಿರಲಿಲ್ಲ. ಚಿಕ್ಕ ಒತ್ತಡ 52 ಅನ್ನು 1.2ರಿಂದ ಗುಣಿಸಿ 62.4 ಎಂದು ಬರೆದಿದ್ದೆ. ‘ಸೀನಿಯರ್‌ಗಳ ವರದಿಯಲ್ಲಿ ಹಾಗೇ ಇತ್ತು ಸರ್’ ಎಂದು ಒಪ್ಪಿಕೊಂಡೆ.

ಅವರು ಬೈಯಲಿಲ್ಲ. ಹಾಳೆಯೊಂದನ್ನು ನನ್ನತ್ತ ತಳ್ಳಿ ಕಿರ್ಷ್ ಸೂತ್ರ ಬರೆಯಲು ಹೇಳಿದರು. 1898ರ ಸೂತ್ರ ಅದು, ಪರೀಕ್ಷೆಗೆ ಬಾಯಿಪಾಠ ಮಾಡಿದ್ದೆ. ದುಂಡು ತೂತಿನ ಗೋಡೆಯ ಅತಿ ಹೆಚ್ಚಿನ ಒತ್ತಡಕ್ಕೆ, ದೊಡ್ಡದರ ಮೂರು ಪಟ್ಟಿನಿಂದ ಚಿಕ್ಕದನ್ನು ಕಳೆಯಬೇಕು. ಮಡ್‌ನ ಲೆಕ್ಕ ಬೇರೆ. ‘ನಿಮ್ಮ ಅಂದಾಜು 5 ತಪ್ಪಿದರೆ?’ ಎಂದರು. ಗೋಡೆಯಲ್ಲಿ 15 ತಪ್ಪುತ್ತದೆ. ಬರೆಯುತ್ತಿದ್ದ ಪೆನ್ನು ಅಲ್ಲೇ ನಿಂತಿತು. ‘ರಿಗ್ ಮೇಲೆ ಇರೋರು ನಿಮ್ಮ 62.4 ನಂಬಿ ಮಡ್ ಕಲಸ್ತಾರಪ್ಪ’ ಎಂದರು.

ಕೆಲಸ ಸಿಗಲಿಲ್ಲ. ಅದನ್ನು ಹಾಳೆ ತಳ್ಳಿದಾಗಲೇ ಊಹಿಸಿದ್ದೆ. ಊರಿಗೆ ಬಂದವನು ಹಳೆಯ ಡೇಟಾ ತೆಗೆದು, ಉದುರಿದ ಅಗಲ, ಕಲ್ಲಿನ ಬಲ ಎರಡನ್ನೂ ಹಾಕಿ ಮತ್ತೆ ಲೆಕ್ಕ ಮಾಡಿದೆ. ಪ್ರಾಜೆಕ್ಟ್ ವರದಿಯ ಕೋಷ್ಟಕದಲ್ಲಿ ಈಗ 62.4 ಇಲ್ಲ, ‘56ರಿಂದ 72’ ಎಂದಿದೆ. ಮುಂದಿನ ಇಂಟರ್‌ವ್ಯೂ ಮಂಗಳವಾರ.