ಚೌಕದೊಳಗೆ ದುಂಡು ಅಕ್ಷರ



ಕಂಪ್ಯೂಟರಿನಲ್ಲಿ ಪುಟ್ಟ ಚೌಕಗಳಿಗೆ ಒಂದೊಂದಾಗಿ ಬಣ್ಣ ತುಂಬಿ ಚಿತ್ರ ಬಿಡಿಸುವ ಪಿಕ್ಸೆಲ್ ಆರ್ಟ್ ನಮ್ಮ ಮಕ್ಕಳಲ್ಲಿ ಅನೇಕರಿಗೆ ಇಷ್ಟ. ಬೆಕ್ಕು, ಕೋಟೆ ಬಿಡಿಸುವ ಮಕ್ಕಳ ಕೈಯಲ್ಲಿ ಒಂದು ಕನ್ನಡ ಅಕ್ಷರವನ್ನೂ ಬರೆಸಿ ನೋಡಿ ಎನ್ನುವುದು ನನ್ನ ಸಲಹೆ. ಇಂಗ್ಲಿಷಿನ ಎಲ್, ಟಿ ಮುಂತಾದವು ನೇರ ಗೆರೆಗಳು, ಚೌಕದಲ್ಲಿ ಸಲೀಸಾಗಿ ಕೂರುತ್ತವೆ. ನಮ್ಮ ಅಕ್ಷರಗಳೋ ದುಂಡು. ದುಂಡು ಗೆರೆ ಚೌಕಕ್ಕೆ ಬಂದರೆ ಮೆಟ್ಟಿಲು ಮೆಟ್ಟಿಲಾಗುತ್ತದೆ. ಗೆರೆ ಮತ್ತು ಹಿನ್ನೆಲೆ ಇವೆರಡರ ನಡುವಿನ ಬಣ್ಣವನ್ನು ಮೆಟ್ಟಿಲಿನ ಮೂಲೆಯಲ್ಲಿಟ್ಟು ಅದನ್ನು ನಯವಾಗಿ ಕಾಣಿಸುವುದಕ್ಕೆ ಆಂಟಿ-ಅಲಿಯಾಸಿಂಗ್ ಎಂದು ಹೆಸರು.

ಆದರೆ ನಡುಬಣ್ಣಕ್ಕೆ ಕೈ ಹಾಕುವ ಮೊದಲು ಮೆಟ್ಟಿಲು ಸರಿಯಾಗಿರಬೇಕು. ಧಾರವಾಡದ ಕಸೂತಿ ನೆನಪಿಸಿಕೊಳ್ಳಿ. ಎಳೆ ಎಣಿಸಿ ಹಾಕುವ ಆ ಗೋಪುರ, ತೇರುಗಳಲ್ಲೂ ಇರುವುದು ಮೆಟ್ಟಿಲೇ. ಲೆಕ್ಕ ತಪ್ಪದಿರುವುದರಿಂದ ಅವು ಚೆಂದ. 1984ರ ಮ್ಯಾಕಿಂಟಾಷ್‌ಗೆ ಸೂಸನ್ ಕೇರ್ ಬಿಡಿಸಿದ ಚಿಹ್ನೆಗಳೂ ಬರೀ ಕಪ್ಪು-ಬಿಳುಪು, ಬೂದು ಬಣ್ಣವೇ ಇಲ್ಲ. ಬಾಗುವ ಗೆರೆಯಲ್ಲಿ ಮೆಟ್ಟಿಲುಗಳ ಉದ್ದ 5, 3, 2, 1 ಹೀಗೆ ಕ್ರಮವಾಗಿ ಇಳಿಯಲಿ. 5, 2, 3, 1 ಆದರೆ ಅಲ್ಲೊಂದು ಗಂಟು ಕಾಣುತ್ತದೆ. ಎಷ್ಟು ಬೂದು ಬಣ್ಣ ಮೆತ್ತಿದರೂ ಆ ಗಂಟು ಹೋಗದು.

ಲೆಕ್ಕ ಸರಿಯಾದ ಮೇಲೆ ನಾನು ಮಾಡುವುದು ಹೀಗೆ. ಒಂದು ಮೆಟ್ಟಿಲು ಮುಗಿದು ಗೆರೆ ಮುಂದಿನ ಸಾಲಿಗೆ ಇಳಿಯುವಲ್ಲಿ, ಮುಗಿದ ಸಾಲಿನ ತುದಿಗೇ ಒಂದು ಬೂದು ಚೌಕ ಸೇರಿಸುತ್ತೇನೆ. ಐದು ಚೌಕದಂಥ ಉದ್ದ ಮೆಟ್ಟಿಲಾದರೆ ಎರಡು: ಗೆರೆಯ ಪಕ್ಕದ್ದು ಗಾಢ, ಅದರಾಚೆಯದು ತಿಳಿ. ನೆಟ್ಟಗಿನ ಗೆರೆಗೂ, ಒಂದೊಂದೇ ಚೌಕ ಇಳಿಯುವ ಓರೆ ಗೆರೆಗೂ ಸಾಮಾನ್ಯವಾಗಿ ಏನೂ ಬೇಡ.

ಹೊಸಬರ ಕೈ ಇಲ್ಲಿ ನಿಲ್ಲುವುದಿಲ್ಲ, ಎಲ್ಲ ಮೂಲೆಗೂ ಬೂದು ಬೀಳುತ್ತದೆ. ಚಿತ್ರ ಮಂಜು ಕವಿದಂತಾಗುತ್ತದೆ. ಕನ್ನಡದಲ್ಲಿ ಇದರ ನಷ್ಟ ಇನ್ನೂ ಹೆಚ್ಚು. ದ ಮತ್ತು ಧ, ಡ ಮತ್ತು ಢ ಇವುಗಳ ನಡುವೆ ಇರುವುದು ಹೊಟ್ಟೆ ಸೀಳುವ ಒಂದು ಪುಟ್ಟ ಗುರುತು ಮಾತ್ರ. 16 ಚೌಕದ ಎತ್ತರದಲ್ಲಿ ಅದಕ್ಕೆ ಸಿಗುವುದು ಒಂದೋ ಎರಡೋ ಚೌಕ. ಅದರ ಅಕ್ಕಪಕ್ಕ ಬೂದು ತುಂಬಿದರೆ ‘ಧನ’ ಹೋಗಿ ‘ದನ’ ಆಗುತ್ತದೆ! ಅದಕ್ಕೇ ಆ ಜಾಗದಲ್ಲಿ ನಡುಬಣ್ಣ ಬೇಡವೇ ಬೇಡ.

ಬಣ್ಣದ ಆಯ್ಕೆ ಹಿನ್ನೆಲೆಯನ್ನು ನೋಡಿ ಆಗಬೇಕು. ಬಿಳಿಯ ಮೇಲೆ ಕಪ್ಪಾದರೆ ಬೂದು. ನಮ್ಮ ಬಾವುಟದಂತೆ ಹಳದಿಯ ಮೇಲೆ ಕೆಂಪಾದರೆ ಕಿತ್ತಳೆ. ಹಿನ್ನೆಲೆ ಪಾರದರ್ಶಕವಾಗಿದ್ದರೆ ಹೊರ ಅಂಚನ್ನು ಹಾಗೇ ಬಿಡಿ. ಬಿಳಿಗೆಂದು ಹಾಕಿದ ತಿಳಿ ಬೂದು ಕಪ್ಪು ಪರದೆಯ ಮೇಲೆ ಸುಣ್ಣದ ಅಂಚಿನಂತೆ ಎದ್ದು ಕಾಣುತ್ತದೆ.

ಇದಕ್ಕೆ ದುಡ್ಡು ಕೊಟ್ಟು ಏನೂ ಕೊಳ್ಳಬೇಕಿಲ್ಲ. ಉಚಿತವಾಗಿ ಸಿಗುವ ಗಿಂಪ್ ಸಾಕು. ಅದರಲ್ಲಿ ಬ್ರಷ್ ಬಿಟ್ಟು ಪೆನ್ಸಿಲ್ ಬಳಸಿ. ಬ್ರಷ್ ತಾನಾಗಿಯೇ ಅಂಚನ್ನು ಮಸುಕು ಮಾಡುತ್ತದೆ. ಉಳಿಸುವಾಗ ಜೆಪೆಗ್ ಬೇಡ, ಪಿಎನ್‌ಜಿ ಇರಲಿ. ನಡುನಡುವೆ ಜೂಮ್ ತೆಗೆದು ನಿಜವಾದ ಅಳತೆಯಲ್ಲಿ ನೋಡುತ್ತಿರಿ. ಒಂದು ಬೂದು ಚೌಕ ಅಳಿಸಿದಾಗ ಏನೂ ವ್ಯತ್ಯಾಸ ಕಾಣದಿದ್ದರೆ ಅದು ಅಲ್ಲಿ ಬೇಕಿರಲಿಲ್ಲ ಎಂದೇ ಅರ್ಥ.

ಈ ವಾರಾಂತ್ಯ ಮಕ್ಕಳೊಡನೆ ಕೂತು ಅವರವರ ಹೆಸರಿನ ಮೊದಲ ಅಕ್ಷರದಿಂದ ಶುರು ಮಾಡಿ. ಚೌಕ ಎಣಿಸುತ್ತಾ ಬರೆದ ಅಕ್ಷರದ ಆಕಾರ ಮಕ್ಕಳಿಗೆ ಚೆನ್ನಾಗಿ ನೆನಪಿರುತ್ತದೆ.