ತುಟಿಯ ಗುಳ್ಳೆಯೂ ಕೂಸಿನ ಮುತ್ತೂ

ಶಿವರಾತ್ರಿ ಕಳೆದು ಬಿಸಿಲೇರಿದಂತೆ ಬಳ್ಳಾರಿಯ ನನ್ನ ಕ್ಲಿನಿಕ್ಕಿಗೆ ತುಟಿಯಂಚಿನಲ್ಲಿ ಗುಳ್ಳೆ ಎದ್ದವರು ಬರತೊಡಗುತ್ತಾರೆ. ಸಿರುಗುಪ್ಪದ ಗದ್ದೆಗಳಲ್ಲಿ ದುಡಿಯುವವರು, ಕುರುಗೋಡಿನ ದೊಡ್ಡಬಸವೇಶ್ವರ ಜಾತ್ರೆಯಲ್ಲಿ ದಿನವಿಡೀ ತಿರುಗಿದವರು ಹೇಳುವುದು ಒಂದೇ ಮಾತು: “ಮೈಯಾಗ ಉಷ್ಣ ಜಾಸ್ತಿ ಆಗೇತ್ರಿ ಡಾಕ್ಟ್ರೇ.” ಹಲ್ಲಿ ಹರಿದಾಡಿದೆ ಎನ್ನುವವರೂ ಇದ್ದಾರೆ.

ಹಲ್ಲಿಯ ತಪ್ಪೇನೂ ಇಲ್ಲ. ಇದು ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಕೆಲಸ. ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ಅಂಟುತ್ತದೆ. ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ ಇದಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಹಾಗಾಗಿ ನಾಚಿಕೆ ಬೇಡ. ಒಮ್ಮೆ ಹೊಕ್ಕ ವೈರಸ್ ಮುಖದ ನರದ ಬುಡದಲ್ಲಿ ಜೀವನವಿಡೀ ಮಲಗಿರುತ್ತದೆ. ಜ್ವರ, ನಿದ್ದೆಗೇಡು, ಸುಡುಬಿಸಿಲು ಅದನ್ನು ಎಬ್ಬಿಸುತ್ತವೆ. ಹಿರಿಯರು ಬಿಸಿಲನ್ನು ದೂರುವುದು ಪೂರ್ತಿ ಸುಳ್ಳಲ್ಲ. ಆದರೆ ಮಜ್ಜಿಗೆ, ಎಳನೀರಿನಿಂದ ವೈರಸ್ ಹೋಗುವುದಿಲ್ಲ.

ಗುಳ್ಳೆ ಏಳುವ ಮುನ್ನವೇ ತುಟಿ ಜುಮ್ಮೆನ್ನುತ್ತದೆ, ಉರಿಯುತ್ತದೆ. ಔಷಧಿಗೆ ಅದೇ ಸರಿಯಾದ ಹೊತ್ತು. ಆಗಲೇ ಅಸೈಕ್ಲೋವಿರ್ ಮುಲಾಮನ್ನು ದಿನಕ್ಕೆ 5 ಸಲ ಹಚ್ಚಲು ಶುರು ಮಾಡಿದರೆ ಸ್ವಲ್ಪ ಬೇಗ ಮಾಯುತ್ತದೆ. ಪದೇ ಪದೇ ಬರುವವರಿಗೆ ಮಾತ್ರೆ ಬೇಕಾಗಬಹುದು. ಅದನ್ನು ವೈದ್ಯರೇ ಬರೆಯಬೇಕು. ಏನೂ ಹಚ್ಚದಿದ್ದರೂ ಸಾಮಾನ್ಯವಾಗಿ 7ರಿಂದ 10 ದಿನದಲ್ಲಿ ಒಣಗುತ್ತದೆ. ಸುಣ್ಣ, ಟೂತ್‌ಪೇಸ್ಟ್ ಹಚ್ಚಿದರೆ ಚರ್ಮ ಸುಡುತ್ತದೆ. ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಮುಲಾಮು ಬೇಡವೇ ಬೇಡ. ಬಿಸಿಲಿಗೆ ಹೋಗುವಾಗ ಸೆರಗನ್ನೋ ಟವೆಲನ್ನೋ ಮುಖಕ್ಕೆ ಮರೆ ಮಾಡಿಕೊಳ್ಳಿ.

ಗುಳ್ಳೆ ಒಣಗುವವರೆಗೆ ಟವೆಲ್, ಲೋಟ ಬೇರೆ ಇರಲಿ. ಮುಟ್ಟಿದ ಕೈಯನ್ನು ಸೋಪಿನಿಂದ ತೊಳೆಯಿರಿ, ಆ ಕೈಯಿಂದ ಕಣ್ಣು ಉಜ್ಜಬೇಡಿ. ಕಣ್ಣು ಕೆಂಪಾಗಿ ನೋವು ಬಂದರೆ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿ. ಚಿಕ್ಕ ಮಕ್ಕಳಿಗೆ ಮೊದಲ ಸಲ ಬಂದಾಗ ಬಾಯಿತುಂಬ ಹುಣ್ಣಾಗಿ ನೀರೂ ಕುಡಿಯದಂತಾಗಬಹುದು. ಮೂತ್ರ ಕಡಿಮೆಯಾದರೆ ತಡ ಮಾಡಬೇಡಿ.

ಎಲ್ಲಕ್ಕಿಂತ ಮುಖ್ಯ, ಹಸುಗೂಸು. ದೊಡ್ಡವರಿಗೆ ವಾರದ ಕಿರಿಕಿರಿಯಾದ ಇದೇ ವೈರಸ್ ಹುಟ್ಟಿ ಕೆಲವೇ ವಾರವಾದ ಕೂಸಿನ ಮಿದುಳು, ಲಿವರ್‌ಗೆ ಇಳಿದು ಪ್ರಾಣಕ್ಕೇ ಎರವಾಗಬಹುದು. ತೊಟ್ಟಿಲು ಶಾಸ್ತ್ರಕ್ಕೆ ಬಂದ ಅಜ್ಜಿಯಾಗಲಿ, ಸೋದರಮಾವನಾಗಲಿ, ತುಟಿಯಲ್ಲಿ ಗುಳ್ಳೆಯಿದ್ದರೆ ಕೂಸಿಗೆ ಮುತ್ತು ಕೊಡಬಾರದು. ಗುಳ್ಳೆ ಬಾಣಂತಿಯ ತುಟಿಗೇ ಎದ್ದಿದ್ದರೆ ಕೈ ತೊಳೆದು, ಮಾಸ್ಕ್ ಹಾಕಿಕೊಂಡು ಹಾಲೂಡಿಸಬಹುದು. ಎದೆಯ ಮೇಲೆ ಗುಳ್ಳೆಯಿದ್ದರೆ ಆ ಎದೆಯ ಹಾಲು ಬೇಡ. ಕೂಸು ಹಾಲು ಬಿಟ್ಟರೆ, ಮಂಕಾದರೆ, ಮೈಮೇಲೆ ಗುಳ್ಳೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆತನ್ನಿ. “ಮುತ್ತು ಬೇಡ” ಎಂದು ಹಿರಿಯರಿಗೆ ಹೇಳಲು ಸಂಕೋಚವೇ? ಡಾಕ್ಟರು ಹೇಳಿದ್ದಾರೆ ಎಂದು ನನ್ನ ಮೇಲೆ ಹಾಕಿಬಿಡಿ.