ಯೂನಿಫಾರ್ಮ್ ತೊಟ್ಟವಳ ಬಾಣಂತನ

ಕೊಳ್ಳೇಗಾಲ, ಹನೂರು, ಯಳಂದೂರು ಕಡೆ ಚೊಚ್ಚಲ ಹೆರಿಗೆ ಅಂದ್ರೆ ತವರುಮನೆ. ಬಿಸಿನೀರು, ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಸಾರು. ಮಗಳು ಸೇನೆಯಲ್ಲಿದ್ದರೆ?

ಹೆರಿಗೆಯ ಮಾತಿರಲಿ, 1988ರಲ್ಲಿ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರನ್ನು ಮದುವೆಯ ಕಾರಣ ಕೊಟ್ಟು ಮಿಲಿಟರಿ ನರ್ಸಿಂಗ್ ಸೇವೆಯಿಂದಲೇ ಕಳಿಸಿಬಿಟ್ಟರು. ಅದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿ 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರಲ್ಲಿ. 36 ವರ್ಷ ಆದಮೇಲೆ!

ಅಷ್ಟರೊಳಗೆ ಹೆಣ್ಣುಮಕ್ಕಳು ಸಿಪಾಯಿಗಳೂ ಆಗಿದ್ದರು: ಸೇನಾ ಪೊಲೀಸ್ ದಳದ ಮೊದಲ 83 ಮಹಿಳೆಯರು ತರಬೇತಿ ಮುಗಿಸಿದ್ದು ನಮ್ಮ ಬೆಂಗಳೂರಿನಲ್ಲೇ, 2021ರ ಮೇ ತಿಂಗಳಲ್ಲಿ. ಅಧಿಕಾರಿಗಳಿಗಿದ್ದ ಹೆರಿಗೆ ರಜೆ ಈ ಸಿಪಾಯಿಗಳಿಗೂ ಸಮನಾಗಿ ಸಿಗಲಿ ಅಂತ ರಕ್ಷಣಾ ಸಚಿವಾಲಯ ಒಪ್ಪಿದ್ದು 2023ರ ನವೆಂಬರ್‌ನಲ್ಲಿ. ಎರಡು ಮಕ್ಕಳವರೆಗೆ, ಪ್ರತಿ ಹೆರಿಗೆಗೆ ಪೂರ್ತಿ ಸಂಬಳದ 180 ದಿನ. ಮಕ್ಕಳ ಆರೈಕೆಗೆ ಇಡೀ ಸೇವೆಯಲ್ಲಿ 360 ದಿನ.

ನಾಲ್ಕು ವರ್ಷದ ಸೇವೆಗೆ ಸೇರುವ ಅಗ್ನಿವೀರರ ಲೆಕ್ಕ ಬೇರೆ: ಆ ನಾಲ್ಕು ವರ್ಷ ಮದುವೆಯೇ ಆಗುವಂತಿಲ್ಲ. ಗಂಡಿಗೂ ಅದೇ ನಿಯಮ, ಆದರೆ ಮನೆಯವರ ಒತ್ತಡ ಬೀಳೋದು ಹೆಣ್ಣಿನ ಮೇಲೇ ಅಲ್ವಾ?

ಇನ್ನು ರಜೆ ಸಿಕ್ಕಿ ಊರಿಗೆ ಬಂದರೆ, ಸೇನಾಪಡೆಗಳ ಕಮಾಂಡ್ ಆಸ್ಪತ್ರೆ ಇರೋದು ದೂರದ ಬೆಂಗಳೂರಿನಲ್ಲಿ. ಅದಕ್ಕೇ ಊರಿನ ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲೇ ತಾಯಿ ಕಾರ್ಡ್ ಮಾಡಿಸಿ. ಸ್ಕ್ಯಾನಿಂಗ್ ರಿಪೋರ್ಟು, ಸೇನಾ ಆಸ್ಪತ್ರೆಯ ಚೀಟಿಗಳು ಜೊತೆಗೇ ಬ್ಯಾಗಿನಲ್ಲಿರಲಿ.